ಓದುವ ಸದ್ದು ನಿಂತ ವರ್ಷ

ಮೊನ್ನೆ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಉಳವಿಗೆ, ಮಗಳ ಮನೆಗೆ ಹೊರಟಿದ್ದೆ. ಹಿಂದಿನ ಸಾಲಿನ ಯಾವುದೋ ಮನೆಯಿಂದ ಒಂದು ಮಗು ಓದುವ ಸದ್ದು ಬರುತ್ತಿತ್ತು. ರಾಗವಾಗಿ, ಜೋರಾಗಿ, ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲದ ಹಾಗೆ. ಬಸ್ಸುಗಳ ಹಾರನ್ನಿನ ನಡುವೆಯೂ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಅದು ನಿಂತಿತು. ನಿಂತಿದ್ದೇ ತಡ, ಒಳಗಿನಿಂದ ಹೆಂಗಸಿನ ದನಿ: “ಎಂತಕ್ಕೆ ನಿಲ್ಸಿದ್ದು? ನಂಗಿಲ್ಲಿ ಕೇಳ್ತಾ ಇಲ್ಲ!” ಸದ್ದು ಮತ್ತೆ ಶುರುವಾಯಿತು.

ನನ್ನ ತೊಡೆಯ ಮೇಲಿದ್ದ ಚೀಲ ಜಾರಿ ಮೂಸಂಬಿ ಹಣ್ಣುಗಳೆಲ್ಲ ನೆಲದ ಮೇಲೆ ಉರುಳಿದವು. ಈಗ ನನ್ನಷ್ಟು ಸಂತೋಷದ ಮುದುಕಿ ಸೊರಬ, ಶಿಕಾರಿಪುರ ಎರಡೂ ತಾಲೂಕಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಆದರೂ ಆ ಸದ್ದು ನಿಂತ ಗಳಿಗೆಯಲ್ಲಿ ನಾನು ಆ ಹಳೆಯ ವರ್ಷದ ಹಾಗೇ ಹೆದರಿದೆ. ಹೆದರಿಕೆ ಅನ್ನುವುದು ಮನೆ ಬಿಟ್ಟು ಹೋದ ಮೇಲೂ ವಾಸನೆ ಬಿಟ್ಟು ಹೋಗುತ್ತದೇನೋ.

ನಾನು ಹೆಚ್ಚು ಓದಿದವಳಲ್ಲ. ಈಸೂರಿನ ಶಾಲೆಗೆ ನಾಲ್ಕನೇ ಕ್ಲಾಸಿನ ತನಕ ಹೋದವಳು. ಅಕ್ಷರ ಕೂಡಿಸಿ ಓದುತ್ತೇನೆ, ಹೀಗೆ ನಿಧಾನಕ್ಕೆ ಬರೆಯುತ್ತೇನೆ, ಅಷ್ಟೇ. ನಮ್ಮೂರಿನವರಿಗೆ ಹೆದರಿಕೆ ಗೊತ್ತಿಲ್ಲ ಎಂದು ಸುತ್ತಲಿನವರೆಲ್ಲ ಹೇಳುತ್ತಾರೆ. ನಮ್ಮ ಅಜ್ಜಂದಿರು ಬ್ರಿಟಿಷರಿಗೇ ಹೆದರಲಿಲ್ಲವಲ್ಲ. ಅಂಥ ಊರಿನ ಮಗಳಾದ ನಾನು ಹತ್ತನೇ ಕ್ಲಾಸಿನ ಪುಸ್ತಕಕ್ಕೆ ಹೆದರಿ ಒಂದು ಇಡೀ ವರ್ಷ ನೆಟ್ಟಗೆ ಊಟ ಮಾಡಲಿಲ್ಲ ಅಂದರೆ ಯಾರು ನಂಬುತ್ತಾರೆ?

ಆ ವರ್ಷ ಜೂನ್‌ನಲ್ಲಿ ಮಗಳು ಶಾಂತ ಉಳವಿಯಿಂದ ಬಂದಳು. ಜೊತೆಗೆ ಮೊಮ್ಮಗಳು ಸಹನಾ, ಒಂದು ಟ್ರಂಕು, ಒಂದು ಹೊರೆ ಪುಸ್ತಕ. ನಮ್ಮದು ಶಿಕಾರಿಪುರ. ಯಜಮಾನರದ್ದು ದನಕರುಗಳ ಹಗ್ಗ, ಕಣ್ಣಿ, ಮೂಗುದಾಣ ಮಾರುವ ಸಣ್ಣ ಅಂಗಡಿ.

“ಅಮಾ, ಇವಳನ್ನ ಈ ವರ್ಷ ನಿನ್ನ ಹತ್ರ ಬಿಡ್ತೆ” ಎಂದಳು ಶಾಂತ. “ಒಂಬತ್ತನೇ ಕ್ಲಾಸು ಹೆಂಗೋ ದಾಟಿದಾಳೆ. ಮನೇಲಿ ಸಣ್ಣೋರ ಗಲಾಟೆ, ಓದೋಕೇ ಆಗಲ್ಲ. ಇವಳಿಗೋ ಸೈನ್ಸೇ ಬೇಕಂತೆ, ನರ್ಸ್ ಆಗ್ಬೇಕಂತೆ. ಇವರಪ್ಪ ಖಡಾಖಂಡಿತ ಹೇಳಿದಾರೆ. ಗಣಿತ, ವಿಜ್ಞಾನದಲ್ಲಿ ಒಳ್ಳೆ ಮಾರ್ಕ್ಸ್ ಬಂದ್ರೆ ಸೊರಬದ ಕಾಲೇಜು, ಇಲ್ಲಾಂದ್ರೆ ಓದಿದ್ದು ಸಾಕು ಅಂತ.”

“ಬಿಟ್ಟು ಹೋಗೇ. ನಾನು ಓದಿಸ್ತೀನಿ.”

ಹಾಗೆ ಅನ್ನುವಾಗ ಎದೆ ಉಬ್ಬಿತ್ತು. ಮಗಳನ್ನು ಬಸ್ಸು ಹತ್ತಿಸಿ ಮನೆಗೆ ಬಂದು ನೋಡುತ್ತೇನೆ, ಹುಡುಗಿ ಪುಸ್ತಕದ ಹೊರೆಯ ಮುಂದೆ ಕೂತು ನನ್ನ ಮುಖ ನೋಡುತ್ತಿದ್ದಾಳೆ. ಊಟ ಮಾಡಿಸುವುದು ಗೊತ್ತು, ಎಣ್ಣೆ ಹಚ್ಚಿ ತಲೆಗೆ ಎರೆಯುವುದು ಗೊತ್ತು. ಓದಿಸುವುದು ಹೇಗೆ?

ನನಗೆ ಗೊತ್ತಿದ್ದದ್ದು ಒಂದೇ. ನಮ್ಮ ಕಾಲದಲ್ಲಿ ಮೇಷ್ಟ್ರು ಸಂಜೆ ಬೀದಿಯಲ್ಲಿ ನಡೆದು ಬರುತ್ತಿದ್ದರು. ಯಾವ ಮನೆಯಿಂದ ಸದ್ದು ಕೇಳುತ್ತದೋ ಆ ಮನೆಯ ಮಗು ಓದುತ್ತಿದೆ ಎಂದು ಲೆಕ್ಕ. ಸದ್ದು ಕೇಳದ ಮನೆಯ ಮಗುವಿಗೆ ಮರುದಿನ ಏಟು. ಓದು ಅಂದರೆ ಸದ್ದು. ಹಾಗಾಗಿ ನಾನು ಸಹನಾಳಿಗೆ ಹೇಳಿದೆ: “ನೋಡವ್ವ, ನಾನು ಹಿತ್ತಲ ಬಟ್ಟೆಕಲ್ಲಿನ ಹತ್ರ ಇರ್ತೀನಿ. ನಿನ್ನ ದನಿ ಅಲ್ಲಿಗೆ ಕೇಳ್ಬೇಕು.”

ಪಾಪದ ಹುಡುಗಿ, ಹೇಳಿದಂತೆ ಮಾಡಿದಳು. ಬೆಳಿಗ್ಗೆ ಎದ್ದು ಸದ್ದು, ಶಾಲೆಯಿಂದ ಬಂದು ಸದ್ದು. ದನಿ ತುಸು ಇಳಿದರೆ ಸಾಕು, ಕೈಯಲ್ಲಿದ್ದ ಬಟ್ಟೆ ಬಿಟ್ಟು “ಸಹನಾ!” ಎಂದು ಕೂಗುತ್ತಿದ್ದೆ. ದನಿ ಮತ್ತೆ ಏರುತ್ತಿತ್ತು. ಆ ಸಲದ ಮಳೆ ನಮ್ಮ ತಗಡಿನ ಮೇಲೆ ಹೊಡೆದ ಹೊಡೆತಕ್ಕೆ ಎದುರು ಕೂತವರ ಮಾತೂ ಕೇಳುತ್ತಿರಲಿಲ್ಲ. ಮಳೆಯ ಮೇಲೆ ದನಿ ಎತ್ತಿ ಅವಳು ಇತಿಹಾಸ ಓದುತ್ತಿದ್ದಳು. ನಾನು ಶುಂಠಿ, ಕಾಳುಮೆಣಸು ಹಾಕಿ ಹಾಲು ಕಾಸಿ ಕಾಸಿ ಕೊಡುತ್ತಿದ್ದೆ. ಒಂದು ಕಸಬರಿಗೆ ಮುಟ್ಟಲು ಬಿಡಲಿಲ್ಲ. ಉಂಡ ತಟ್ಟೆ ಎತ್ತಲೂ ಬಿಡಲಿಲ್ಲ.

“ಆ ಹುಡುಗೀ ಗಂಟ್ಲು ಹರಿಸಬ್ಯಾಡ ಕಣೇ” ಎಂದರು ಯಜಮಾನರು. “ಓದೋದು ಕಣ್ಣಾಗೋ, ಗಂಟ್ಲಾಗೋ?”

“ನೀವು ಹಗ್ಗ ಹೊಸೆದು ಸುಮ್ನಿರ್ರಿ. ಹೊಣೆ ಹೊತ್ತೋಳು ನಾನು.”

ಪಕ್ಕದ ಮನೆಯ ಮುಮ್ತಾಜ್ ಬ್ಲೌಸ್ ಹೊಲಿಯುತ್ತಾಳೆ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. “ಗೌರಕ್ಕಾ, ನಿಮ್ಮ ಹುಡ್ಗಿ ಓದೋ ತಾಳಕ್ಕೇ ನನ್ ಮಿಷನ್ನು ತಿರುಗ್ತೈತೆ ನೋಡ್ರೀ. ನಮ್ ಹುಡ್ಗ ಇದಾನೆ, ಪುಸ್ತಕ ಹಿಡಿದ್ರೆ ನಿದ್ದೇನೇ!” ಎನ್ನುತ್ತಿದ್ದಳು. ಅದನ್ನು ಕೇಳಿದರೆ ನನಗೆ ಒಂದು ತುತ್ತು ಹೆಚ್ಚಿಗೆ ಸೇರುತ್ತಿತ್ತು. ಉಳವಿಯಿಂದ ಶಾಂತ ಫೋನ್ ಮಾಡಿದರೆ ನಾನು ಮಾತೇ ಆಡುತ್ತಿರಲಿಲ್ಲ. ಫೋನನ್ನು ಸುಮ್ಮನೆ ನಡುಮನೆಯ ಬಾಗಿಲಿಗೆ ಹಿಡಿಯುತ್ತಿದ್ದೆ. ಅವಳು ಅಲ್ಲಿ ಸ್ವಲ್ಪ ಹೊತ್ತು ಕೇಳಿ “ಸಾಕು ಅಮಾ, ಸಮಾಧಾನ ಆತು” ಎಂದು ಇಟ್ಟುಬಿಡುತ್ತಿದ್ದಳು.

ಅರ್ಧ ವರ್ಷದ ಪರೀಕ್ಷೆಯ ಮಾರ್ಕ್ಸು ದಸರಾ ಕಳೆದ ಮೇಲೆ ಬಂತು. ವಿಜ್ಞಾನದಲ್ಲಿ ಎಂಬತ್ತಕ್ಕೆ ಇಪ್ಪತ್ತೆರಡು. ಗಣಿತ ಅದಕ್ಕಿಂತ ಕಡಿಮೆ.

ಸಹನಾ ಅತ್ತಳು. “ಎಲ್ಲಾ ಬರ್ತಿತ್ತು ಅಜ್ಜಿ. ದೇವರಾಣೆ ಬರ್ತಿತ್ತು. ಟೈಮ್ ಸಾಲ್ಲಿಲ್ಲ.”

ನಾನು ನಂಬಿದೆ. ಅಷ್ಟು ಓದಿದವಳಿಗೆ ಬರದೆ ಇರುತ್ತದೆಯೇ? ಇನ್ನೂ ಜೋರಾಗಿ, ಇನ್ನೂ ಹೆಚ್ಚು ಹೊತ್ತು ಓದಿಸಿದೆ. ನೆನಪಿನ ಶಕ್ತಿಗೆಂದು ಬೆಳಿಗ್ಗೆ ಹಿತ್ತಲಿನ ಒಂದೆಲಗ ಅರೆದು ಚಟ್ನಿ, ರಾತ್ರಿಗೂ ಅದೇ ಚಟ್ನಿ. ಶಾಂತಳಿಗೆ ಮಾರ್ಕ್ಸು ಹೇಳಲಿಲ್ಲ. ಫೋನ್ ಬಂದಾಗಲೆಲ್ಲ ಬಾಗಿಲಿಗೆ ಹಿಡಿದು, ಅವಳು ಇಡುವ ಮೊದಲೇ ನಾನೇ ಇಟ್ಟುಬಿಡುತ್ತಿದ್ದೆ. ಅಳಿಯ ಒಳ್ಳೆಯವರೇ, ಆದರೆ ಒಮ್ಮೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ಈ ಹುಡುಗಿ ಉಳವಿಯಲ್ಲಿ ಟ್ರಂಕು ಇಳಿಸಿ ಒಳಗೆ ಹೋಗಿ ಮತ್ತೆ ಹೊರಗೆ ಬಾರದೇ ಹೋದರೆ, ಅದು ನನ್ನ ಮನೆಯಿಂದ ಹೋದ ಸೋಲು. ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು.

ಹೊಸ ಭತ್ತ ಮನೆಗೆ ಬರುವ ಹೊತ್ತು ಅದು. ಒಂದು ಬೆಳಿಗ್ಗೆ ಸಹನಾ ಶಾಲೆಗೆ ಹೋದ ಮೇಲೆ ಜಗುಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದೆ. ಮುಮ್ತಾಜ್ ಸೂಜಿ ಕೇಳಲು ಬಂದವಳು ನಿಂತು ನಕ್ಕಳು.

“ಏನ್ರೀ ಗೌರಕ್ಕ, ಬೆಳಿಗ್ಗೆ ಬೆಳಿಗ್ಗೆ ಮಂತ್ರಾನಾ?”

ಆಗಲೇ ನನಗೆ ಗೊತ್ತಾದದ್ದು, ನನ್ನ ಬಾಯಿ ತನ್ನಷ್ಟಕ್ಕೆ ಆಡುತ್ತಿತ್ತು. ಆಡುತ್ತಿದ್ದದ್ದು ಬೆಳಕಿನ ಪಾಠ. “ಬೆಳಕು ಸರಳ ರೇಖೆಯಲ್ಲಿ ಚಲಿಸುತ್ತದೆ” ಎಂದು ಶುರುವಾಗಿ, ಪ್ರತಿಫಲನ ದಾಟಿ, ನಿಮ್ನ ದರ್ಪಣದ ತನಕ ಒಂದಕ್ಷರ ತಪ್ಪದೆ ಬಂದಿತ್ತು. ತಿಂಗಳುಗಟ್ಟಲೆ ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು.

“ಅರೆ! ನೀವೂ ಪರೀಕ್ಷೆ ಕಟ್ರಿ” ಎಂದಳು ಮುಮ್ತಾಜ್. “ಅಂದಂಗೆ ನಿಮ್ನ ಅಂದ್ರೆ ಏನ್ರೀ?”

ಹೇಳಲು ಬಾಯಿ ತೆರೆದೆ. ಏನೂ ಇರಲಿಲ್ಲ. ಬಾವಿಗೆ ಕೊಡ ಬಿಟ್ಟಾಗ ನೀರಿನ ಸದ್ದು ಬಾರದೆ ಹಗ್ಗ ಇಳಿಯುತ್ತಲೇ ಹೋಗುತ್ತದಲ್ಲ, ಹಾಗೆ. ನಿಮ್ನ ಸಿಕ್ಕೀತೇನೋ ಎಂದು ನಾನು ಮತ್ತೆ “ಬೆಳಕು ಸರಳ ರೇಖೆಯಲ್ಲಿ” ಎಂದು ಮೊದಲಿನಿಂದ ಶುರು ಮಾಡಿದೆ. ಆ ಶಬ್ದ ಬಂತು, ಹೋಯಿತು. ಅರ್ಥ ಬರಲಿಲ್ಲ.

ಅರ್ಥ ಗೊತ್ತಿಲ್ಲದೆ ನನಗೆ ಇಷ್ಟು ಬರುತ್ತದೆ ಅಂದರೆ, ಅವಳಿಗೆ? ಅವಳಿಗೂ ಹೀಗೇ ಇದ್ದರೆ? ಮೊರ ಜಾರಿ ಅಕ್ಕಿ ಜಗುಲಿಯ ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಮುಮ್ತಾಜ್ “ಅಯ್ಯೋ ಅಕ್ಕಾ” ಎಂದು ಬಾಚುತ್ತಿದ್ದರೂ ನಾನು ಕೂತಲ್ಲಿಂದ ಏಳಲಿಲ್ಲ.

ಸಂಜೆಯ ತನಕ ಹೇಗೆ ಕಳೆದೆನೋ. ಸಹನಾ ಬಂದು ಚೀಲ ಇಳಿಸುವುದಕ್ಕೂ ಬಿಡದೆ ಕೇಳಿದೆ: “ನಿಮ್ನ ದರ್ಪಣ ಅಂದ್ರೆ ಏನೇ?”

“ಬೆಳಕು ಸರಳ ರೇಖೆಯಲ್ಲಿ ಚಲಿಸುತ್ತದೆ. ಬೆಳಕು...”

“ಅದಲ್ಲವ್ವ. ನಿಮ್ನ.”

“ಬರ್ತದೆ ಅಜ್ಜಿ, ತಾಳು.” ಮತ್ತೆ ಮೊದಲಿನಿಂದ. ನಾನು ಕಾದೆ. ನಿಮ್ನ ಬಂತು, ಹೋಯಿತು, ಅವಳು ನಿಲ್ಲಲೇ ಇಲ್ಲ.

“ಬಂತಲ್ಲೇ ಈಗ. ಹಂಗಂದ್ರೆ ಏನು?”

ಅವಳ ಮುಖದ ಬಣ್ಣ ಹೋಯಿತು. “ಗೊತ್ತಿಲ್ಲ ಅಜ್ಜಿ.”

“ಪರೀಕ್ಷೇಲೂ ಹಿಂಗೇನಾ?”

“ಹ್ಞೂಂ. ಎಲ್ಲಿಂದ ಕೇಳಿದ್ರೂ ಪಾಠದ ಮೊದಲಿಂದ ಮನಸಲ್ಲೇ ಹೇಳ್ಕೊಂಡು ಬರ್ಬೇಕು. ಉತ್ತರ ಬರೋದ್ರೊಳಗೆ ಬೆಲ್ ಹೊಡೀತದೆ. ಗಣಿತಾನೂ ಹಂಗೇ, ಲೆಕ್ಕಾನೇ ಬಾಯಿಪಾಠ.” ತಲೆ ತಗ್ಗಿಸಿದಳು. “ಎಷ್ಟೋ ಸಲ ನಾನು ಬೇರೇನೋ ಯೋಚ್ನೆ ಮಾಡ್ತಿರ್ತೀನಿ ಅಜ್ಜಿ. ದನಿ ತಾನೇ ಹೋಗ್ತಿರ್ತದೆ. ನಿನಗೆ ಕೇಳ್ಬೇಕಲ್ಲ.”

ನನಗೆ ಕೇಳಬೇಕಲ್ಲ! ಆ ಮಾತು ಈಗಲೂ ಕಿವಿಯಲ್ಲಿದೆ.

ಮರುದಿನ ಶಾಲೆಗೆ ಹೋದೆ. ಗೇಟಿನ ಹತ್ತಿರ ಹೋದಾಗ ಕಾಲು ಮುಂದೆ ಬರಲೊಲ್ಲದು. ಇಷ್ಟು ವಯಸ್ಸಾದ ಮೇಲೂ ಶಾಲೆಯ ಗಂಟೆ ಕೇಳಿದರೆ ಬೆನ್ನು ಚುರುಗುಟ್ಟುತ್ತದೆ. ವಿಜ್ಞಾನದ ಟೀಚರು ನನ್ನ ಮಗಳಿಗಿಂತ ಚಿಕ್ಕವರು. ಎಲ್ಲಾ ಕೇಳಿ, ಕುರ್ಚಿ ಕೊಟ್ಟು, ಹೇಳಿದರು: “ಅಜ್ಜಿ, ಇವತ್ತಿಂದ ನಿಮ್ಮನೇಲಿ ಸದ್ದು ನಿಲ್ಲಿಸಿಬಿಡಿ. ಒಂದು ಸಲ ಓದ್ಲಿ. ಆಮೇಲೆ ಪುಸ್ತಕ ಮುಚ್ಚಿ, ನೆನಪಿಗೆ ಬಂದಷ್ಟು ಬರೀಲಿ. ಎಲ್ಲಿ ನೆನಪು ಬರ್ಲಿಲ್ವೋ ಅಲ್ಲಿ ಮಾತ್ರ ತೆಗೆದು ನೋಡ್ಲಿ. ಲೆಕ್ಕಾನೂ ಅಷ್ಟೇ, ಉತ್ತರ ಮುಚ್ಚಿಟ್ಟು ತಾನೇ ಬಿಡಿಸ್ಲಿ. ಒಂದೇ ಪಾಠ ಹಿಡ್ಕೊಂಡು ಕೂರೋದು ಬೇಡ. ಇವತ್ತಿಂದು ಸ್ವಲ್ಪ, ಹೋದ ವಾರದ್ದು ಸ್ವಲ್ಪ, ಹೋದ ತಿಂಗಳದ್ದೂ ಸ್ವಲ್ಪ.”

“ಪುಸ್ತಕ ಮುಚ್ಚಿ ಓದೋದು ಅಂದ್ರೆ ಹೆಂಗ್ರೀ ಟೀಚರ್?”

“ಮುಚ್ಚಿದಾಗಲೇ ಅಜ್ಜಿ ಗೊತ್ತಾಗೋದು, ಒಳಗೆ ಏನಿದೆ ಅಂತ. ಮತ್ತೆ, ರಾತ್ರಿ ನಿದ್ದೆ ಮಾಡ್ಲಿ. ಮನೆ ಕೆಲಸಾನೂ ಒಂದಿಷ್ಟು ಮಾಡ್ಲಿ.”

ಮನೆಗೆ ಬಂದು ಹಾಗೇ ಹೇಳಿದೆ. ಸದ್ದು ನಿಂತಿತು. ನಿಂತ ಮೇಲೆ ಶುರುವಾಯಿತು ನೋಡಿ ನಿಜವಾದ ಹೆದರಿಕೆ. ಸದ್ದಿದ್ದಾಗ ನನಗೆ ಹಿಡಿದುಕೊಳ್ಳಲು ಒಂದು ಹಗ್ಗವಿತ್ತು. ಈಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಕಿವಿ ಕೊಟ್ಟರೆ ಮನೆ ಬಿಕೋ ಎನ್ನುತ್ತಿತ್ತು. ಒದ್ದೆ ಕೈಯಲ್ಲೇ ಬಂದು ಬಾಗಿಲ ಸಂದಿಯಿಂದ ಇಣುಕಿದರೆ, ಮುಚ್ಚಿದ ಪುಸ್ತಕ, ಗೋಡೆ ನೋಡುತ್ತಾ ಕೂತ ಹುಡುಗಿ. ಗೋಡೆ ನೋಡುವುದೂ ಓದೇ? ಸ್ವಲ್ಪ ಹೊತ್ತಿಗೆ ಬಗ್ಗಿ, ಸೀಮೆಸುಣ್ಣದಲ್ಲಿ ಕೆಂಪು ನೆಲದ ಮೇಲೆ ಬರೆಯುತ್ತಿದ್ದಳು. ಬರೆದು, ಪುಸ್ತಕ ತೆಗೆದು, ನೋಡಿ, ಅರ್ಧಕ್ಕರ್ಧ ಅಳಿಸುತ್ತಿದ್ದಳು. ಅಳಿಸುವುದು ನೋಡಿದರೆ ನನ್ನ ಕರುಳು ಅಳಿಸಿದಂತಾಗುತ್ತಿತ್ತು.

“ಗೌರಕ್ಕಾ, ಹುಡ್ಗಿ ಊರಿಗೆ ಹೋದ್ಲೇನ್ರೀ?” ಎಂದು ಮುಮ್ತಾಜ್ ಗೋಡೆಯಾಚೆಯಿಂದ ಕೂಗಿದಳು. “ಸದ್ದೇ ಇಲ್ಲ! ನನ್ ಮಿಷನ್ನಿಗೆ ತಾಳಾನೇ ತಪ್ಪೈತೆ.”

ಶಾಂತಳ ಫೋನ್ ಬಂತು. ಅಭ್ಯಾಸಬಲದಿಂದ ಬಾಗಿಲಿಗೆ ಹಿಡಿದೆ. ಹಿಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಎಂತ ಅಮಾ, ಎಂತದೂ ಕೇಳ್ತಾ ಇಲ್ಲ?”

“ಓದ್ತಿದಾಳೆ ಕಣೇ.”

“ಎಲ್ಲಿ ಓದ್ತಿದಾಳೆ? ಕೇಳ್ತಾನೇ ಇಲ್ಲಲ್ಲ?”

ಮರುದಿನದ ಬಸ್ಸಿಗೇ ಬಂದಿಳಿದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ, ಸಹನಾ ನಮ್ಮ ಸಾರಿನ ಸೌಟು ಹಿಡಿದು ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದಾಳೆ!

“ಚೆಂದ ಆತು! ಸೌಟಲ್ಲಿ ಮುಖ ನೋಡ್ಕಳಕ್ಕಾ ನಿನ್ನ ಇಲ್ಲಿ ಬಿಟ್ಟಿದ್ದು?”

“ಅಮ್ಮಾ, ಬಾ ಇಲ್ಲಿ. ಒಳಗಡೆ ನೋಡು, ಮುಖ ತಲೆಕೆಳಗಾ? ಈಗ ತಿರುಗಿಸ್ತೀನಿ. ಬೆನ್ನಲ್ಲಿ ನೋಡು, ನೆಟ್ಟಗಿದೆ, ಸಣ್ಣಕ್ಕಿದೆ. ಒಳಗಿನ ಗುಂಡಿ ನಿಮ್ನ. ಬೆನ್ನು ಪೀನ. ನೀನು ಬಂದ ಬಸ್ಸಲ್ಲಿ ಡ್ರೈವರ್ ಪಕ್ಕ ಕನ್ನಡಿ ಇರ್ತದಲ್ಲ, ಅದು ಈ ಬೆನ್ನಿನ ಜಾತಿ. ಹಿಂದೆ ಬರೋದೆಲ್ಲ ಸಣ್ಣಕ್ಕೆ ಕಂಡ್ರೂ ತುಂಬಾ ಕಾಣ್ತದೆ.”

ನಾನು ಒಲೆಯ ಪಕ್ಕ ನಿಂತು ಬಾಯಿ ತೆರೆದು ಕೇಳಿದೆ. ಅವಳು ಮೊದಲಿನಿಂದ ಶುರು ಮಾಡಿರಲಿಲ್ಲ. ಆದರೆ ಶಾಂತಳ ಕೋಪ ಇಳಿಯಲಿಲ್ಲ. ಮಾರ್ಕ್ಸಿನ ವಿಷಯ ಅವಳಿಗೆ ಆಗಲೇ ಶಾಲೆಯ ಯಾರಿಂದಲೋ ಗೊತ್ತಾಗಿತ್ತು.

“ಇಪ್ಪತ್ತೆರಡು ತಗೊಂಡೋಳು ಸದ್ದೂ ನಿಲ್ಸಿದಾಳೆ. ನಂಗೆ ಸೌಟು ಪಾಟು ಗೊತ್ತಿಲ್ಲ ಅಮಾ. ಹೆಚ್ಚುಕಮ್ಮಿ ಆದ್ರೆ ಇವರಪ್ಪನಿಗೆ ನೀನೇ ಬಂದು ಹೇಳು.” ಕಾಫಿಯನ್ನೂ ಕುಡಿಯದೆ ಸಂಜೆಯ ಬಸ್ಸು ಹತ್ತಿದಳು.

ಆಮೇಲೆ ಹೆದರಿಕೆಗೆ ಒಂದು ಕೆಲಸ ಸಿಕ್ಕಿತು. “ಅಜ್ಜಿ, ದಿನಾ ನೀನು ನನ್ನ ನಡುವಿಂದ ಕೇಳ್ಬೇಕು” ಎಂದಳು ಸಹನಾ. ಸಂಜೆ ದೀಪ ಹಚ್ಚಿ, ಕೈಗೆ ಸಿಕ್ಕ ಪುಸ್ತಕ ತೆಗೆದು, ಕಣ್ಣು ಮುಚ್ಚಿ ಎಲ್ಲೋ ಒಂದು ಕಡೆ ಬೆರಳಿಡುತ್ತಿದ್ದೆ. ಅಲ್ಲಿರುವ ಮಾತನ್ನು ಅಕ್ಷರ ಕೂಡಿಸಿ ಓದುತ್ತಿದ್ದೆ. “ವ... ಕ್ರೀ... ಭ...” ಎನ್ನುವಷ್ಟರಲ್ಲಿ ಅವಳು ಉತ್ತರ ಹೇಳಿ ಮುಗಿಸಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಕೆಲವು ದಿನ ಉತ್ತರ ಬರುತ್ತಿರಲಿಲ್ಲ. ಆಗ ಪುಸ್ತಕ ಅವಳ ಕಡೆ ತಿರುಗಿಸಿ, ಬೆರಳಿಟ್ಟ ಸಾಲನ್ನೇ ತೋರಿಸುತ್ತಿದ್ದೆ. ಯಜಮಾನರು ಕೂಡ ಅಂಗಡಿಯಿಂದ ಬಂದು ಒಂದು ಬೆರಳಿಟ್ಟು ಹೋಗುತ್ತಿದ್ದರು. ಅವರ ಬೆರಳು ಯಾವಾಗಲೂ ಚಿತ್ರದ ಮೇಲೇ ಬೀಳುತ್ತಿತ್ತು.

ತನ್ನ ತಟ್ಟೆ ತಾನೇ ತೊಳೆಯತೊಡಗಿದಳು. ತೊಳೆಯುತ್ತಾ ತುಟಿ ಆಡುತ್ತಿತ್ತು, ಸದ್ದಿಲ್ಲದೆ. ಜನವರಿಯ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ನಲವತ್ತು ದಾಟಿತು, ಗಣಿತವೂ ತಲೆ ಎತ್ತಿತು. ಹೆದರಿಕೆ ಕಡಿಮೆಯಾಯಿತು ಅಂದುಕೊಂಡಿರಾ? ದುಪ್ಪಟ್ಟಾಯಿತು. ಮೊದಲು ಕಳೆದುಕೊಳ್ಳಲು ಏನೂ ಇರಲಿಲ್ಲ. ಈಗ ಇತ್ತು.

ದೊಡ್ಡ ಪರೀಕ್ಷೆ ಬಿಸಿಲಲ್ಲಿ ಬಂತು. ವಿಜ್ಞಾನದ ದಿನ ನಾನು ಗೇಟಿನಾಚೆ ಹೊಂಗೆ ಮರದ ಕೆಳಗೆ ನಿಂತಿದ್ದೆ. ಅಷ್ಟು ಮಕ್ಕಳು ಒಳಗಿದ್ದಾರೆ, ಒಂದು ಪಿಸುಮಾತು ಹೊರಗೆ ಬರುವುದಿಲ್ಲ. ಎಂಥಾ ಮೌನ ಅದು! ಅಲ್ಲಿ ಯಾರೂ ದನಿ ಕೇಳುವುದಿಲ್ಲ, ಮಳೆಯ ಮೇಲೆ ದನಿ ಎತ್ತಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಮೌನದಲ್ಲಿ ಕೂರುವುದನ್ನು ನಾನು ಇನ್ನೂ ಮೊದಲೇ ಕಲಿಸಬೇಕಿತ್ತಲ್ಲ ಎಂದು ನಿಂತಲ್ಲೇ ಬೆವೆತೆ. ಹೊರಗೆ ಬಂದವಳನ್ನು ಕೇಳಿದೆ, “ಹೆಂಗಿತ್ತೇ?”

“ನಡುವಿಂದಾನೇ ಕೇಳಿದ್ರು ಅಜ್ಜಿ.”

ಅಷ್ಟೇ. ಅದು ಒಳ್ಳೆಯದೋ ಕೆಟ್ಟದ್ದೋ ಕೇಳುವ ಧೈರ್ಯ ನನಗಾಗಲಿಲ್ಲ.

ರಿಸಲ್ಟಿನ ದಿನ ಶಾಂತ ಬಂದಿದ್ದಳು. ನನ್ನ ಜೊತೆ ಮಾತು ಕಮ್ಮಿ. ಅಳಿಯ ಉಳವಿಯಲ್ಲಿ ಫೋನ್ ಹಿಡಿದು ಕೂತಿದ್ದರಂತೆ. ಮುಮ್ತಾಜಳ ಮೊಬೈಲಿನಲ್ಲಿ ಸಹನಾ ತನ್ನ ಪರೀಕ್ಷೆಯ ನಂಬರು ಒತ್ತಿದಳು. ಅದು ತಿರುಗಿತು, ತಿರುಗಿತು, ತೆರೆಯಿತು. ಅವಳು ನೋಡಿದಳು. ಏನೂ ಹೇಳಲಿಲ್ಲ.

ದೇವರೇ, ಆ ವರ್ಷ ನಾನು ಎಷ್ಟೊಂದು ಮೌನ ಕೇಳಿದ್ದೆ. ಆದರೆ ಇದರಂಥದ್ದಿಲ್ಲ. ಶಾಂತ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಯಜಮಾನರು ಹಗ್ಗದ ಸಿಂಬಿಯನ್ನು ಎದೆಗೆ ಹಿಡಿದು ನಿಂತರು. ನಾನು ತಡೆಯಲಾರದೆ ಮೊಬೈಲು ಕಿತ್ತುಕೊಂಡೆ. ಅಕ್ಷರ ಸಣ್ಣ, ಕಣ್ಣು ಮಂಜು. ಆದರೆ ಅಂಕಿ ಬರುತ್ತದೆ ನನಗೆ. ಬೆರಳಿಟ್ಟು ಕೂಡಿಸಿ ಓದಿದೆ. ಗಣಿತ, ಅರವತ್ತ ನಾಲ್ಕು. ವಿಜ್ಞಾನ, ಎಪ್ಪತ್ತ ಒಂದು. ಎಂಬತ್ತಕ್ಕೆ!

ಕೂಗಬೇಕು ಅಂದುಕೊಂಡೆ, ಮಾತು ಬರಲಿಲ್ಲ. ಬಾಯಿ ತೆರೆದರೆ ಬಂದದ್ದು ಏನು ಗೊತ್ತೇ? “ಬೆಳಕು ಸರಳ ರೇಖೆಯಲ್ಲಿ ಚಲಿಸುತ್ತದೆ!” ಅಂಗಳಕ್ಕೆ ಓಡಿ, ಬೀದಿಗೆ ಕೇಳುವ ಹಾಗೆ, ಪ್ರತಿಫಲನ, ದರ್ಪಣ, ಎಲ್ಲವನ್ನೂ ಜೋರಾಗಿ ಹೇಳುತ್ತಾ ಹೋದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎದುರುಮನೆಯವರು ಯಾರಿಗೇನಾಯಿತೋ ಎಂದು ಓಡಿ ಬಂದರು. “ಏನಾತು ಗೌರಕ್ಕ? ಯಾರು ಹೋದ್ರು?” ಮುಮ್ತಾಜ್ ನಗುತ್ತಾ ಅಳುತ್ತಾ ಹೇಳಿದಳು: “ಯಾರೂ ಹೋಗಿಲ್ರೀ, ಹುಡ್ಗಿ ಸೊರಬಕ್ಕೆ ಹೋಗ್ತಾಳೆ!” ಶಾಂತ ಫೋನಿನಲ್ಲಿ ಗಂಡನಿಗೆ ಏನೋ ಹೇಳಲು ಹೋದಳು, ಅಳು ಬಂತು. ಕೊನೆಗೆ ಸುಮ್ಮನೆ ಫೋನನ್ನು ನನ್ನ ಕಡೆ ಹಿಡಿದಳು. ಅಳಿಯ ಅಲ್ಲಿಂದಲೇ ನನ್ನ ಪಾಠ ಪೂರ್ತಿ ಕೇಳಿಸಿಕೊಂಡರಂತೆ.

ಸೊರಬದಲ್ಲಿ ಮೊನ್ನೆ ಉರುಳಿದ ಮೂಸಂಬಿ ಆರಿಸಿಕೊಟ್ಟದ್ದು ಸಹನಾಳೇ, ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು ಬಂದವಳು. ಹಿಂದಿನ ಮನೆಯ ಮಗು ಮತ್ತೆ ನಿಲ್ಲಿಸಿತು. “ಎಂತಕ್ಕೆ ನಿಲ್ಸಿದ್ದು?” ಎಂದು ಆ ಹೆಂಗಸು ಮತ್ತೆ ಕೂಗುವಷ್ಟರಲ್ಲಿ ನಾನು ಎದ್ದು ನಿಂತು, ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದೆ: “ಸುಮ್ನಿರ್ಲಿ ಬಿಡ್ರವ್ವಾ! ಒಂದ್ ಚೂರು ಸುಮ್ನಿರ್ಲಿ ಅದು!”

ಸಹನಾ ನನ್ನ ಸೆರಗು ಎಳೆದು ಕೂರಿಸಿದಳು. ನಗು ತಡೆಯಲಾರದೆ ಕಿವಿಯ ಹತ್ತಿರ ಬಂದು, “ಅಜ್ಜೀ, ನಿನ್ನ ಬೆಳಕಿನ ಪಾಠ ಇದ್ಯಲ್ಲ, ಅದನ್ನ ನಡುವಿಂದ ಹೇಳು ನೋಡಾಣ” ಎಂದಳು.

ನನಗೆ ಬರಲಿಲ್ಲ. ಇವತ್ತಿಗೂ ಮೊದಲಿನಿಂದಲೇ ಬರಬೇಕು.